ಗಾಲಿಕುರ್ಚಿಗೊಂದು ಗವಸು

ಪುಣೆ ಜಂಕ್ಷನ್ನಿನಲ್ಲಿ ಬೆಂಗಳೂರು ಕಡೆಗೆ ಹೊರಡುವ ಉದ್ಯಾನ್ ಎಕ್ಸ್‌ಪ್ರೆಸ್ ಬಂದು ನಿಂತಾಗ, ಗಾಲಿಕುರ್ಚಿಯಲ್ಲಿ ಬಂದವರನ್ನು ಹತ್ತಿಸುವ ಗಡಿಬಿಡಿಯನ್ನು ನೋಡಿದವರಿಗೆ ಅದು ಎಷ್ಟು ಕಷ್ಟದ ಕೆಲಸ ಎಂಬುದು ಗೊತ್ತು. ಒಬ್ಬರು ಕಂಕುಳಿಗೆ ಕೈಕೊಟ್ಟು, ಇನ್ನೊಬ್ಬರು ಮೊಣಕಾಲ ಕೆಳಗೆ ಕೈಹಾಕಿ ಎತ್ತುತ್ತಾರೆ. ಬರ್ತಿನ ಮೇಲೆ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ನೀರಿನ ಬಾಟಲಿ ಕೈಗೆಟುಕುವಂತೆ ಇಟ್ಟ ಮೇಲೆ ಮನೆಯವರು ಉಸ್ಸಪ್ಪಾ ಎಂದು ಕೂರುತ್ತಾರೆ. ಅಷ್ಟರಲ್ಲಿ ಗಾಡಿ ಹೊರಟಿರುತ್ತದೆ. ಕುರ್ಚಿ ಎಲ್ಲಿ? ಯಾರೋ ಅದನ್ನು ಮಡಚಿ ಬಾಗಿಲ ಹತ್ತಿರ, ಕೈತೊಳೆಯುವ ಬೇಸಿನ್ನಿನ ಮಗ್ಗುಲಿಗೆ ಒರಗಿಸಿದ್ದಾರೆ. ಬರ್ತಿನ ಅಡಿಗೆ ಅದು ಹಿಡಿಸುವುದಿಲ್ಲ. ಮಡಚಿದರೂ ಮೂರಡಿ ಎತ್ತರ. ದಾರಿಯುದ್ದಕ್ಕೂ ಅದರ ಮೇಲೆ ಬೇಸಿನ್ನಿನ ನೀರು ಸಿಡಿಯುತ್ತದೆ, ಹೋಗಿಬರುವವರ ಕಾಲು ತಗಲುತ್ತದೆ, ಸೊಲ್ಲಾಪುರದಲ್ಲಿ ಹತ್ತಿದವರು ತಮ್ಮ ಮೂಟೆಯನ್ನು ಅದಕ್ಕೇ ಆನಿಸುತ್ತಾರೆ. ಊರಲ್ಲಿ ಇಳಿದು ಬಿಡಿಸಿದಾಗ ಒಂದು ಫುಟ್‌ರೆಸ್ಟ್ ಕಾಣೆ, ಇಲ್ಲವೇ ಮುಂದಿನ ಪುಟ್ಟ ಗಾಲಿ ಸೊಟ್ಟ.

ಗಾಲಿಕುರ್ಚಿ ದೊಡ್ಡ ಪೆಟ್ಟುಗಳನ್ನು ತಿನ್ನುವುದು ಬಹುಪಾಲು ಖಾಲಿ ಇದ್ದಾಗ. ಮೈಮೇಲೆ ಮನುಷ್ಯರಿದ್ದಾಗ ತಳ್ಳುವವರು ಹಳ್ಳ ತಪ್ಪಿಸುತ್ತಾರೆ, ದಿಬ್ಬದಲ್ಲಿ ನಿಧಾನಿಸುತ್ತಾರೆ, ಅಪರಿಚಿತರೂ ದಾರಿ ಬಿಡುತ್ತಾರೆ. ಕೂತವರು ಎದ್ದೊಡನೆ ಅದು ಬರೀ ಲಗೇಜು. ಮಡಚಿದ ಕುರ್ಚಿಗೆ ಒಂದು ಒಳ್ಳೆಯ ಗವಸು ಹೊಲಿಸುವುದು ಎಷ್ಟು ದೊಡ್ಡ ವಿಷಯ ಎಂದು ಕೇಳುವವರಿದ್ದಾರೆ. ದೊಡ್ಡ ವಿಷಯವೇ. ಬೆನ್ನುಹುರಿಗೆ ಪೆಟ್ಟಾದವರ ಕುರ್ಚಿ ಕೆಟ್ಟರೆ ಅವರು ಹಾಸಿಗೆ ಹಿಡಿಯುತ್ತಾರೆ. ಬದಲಿಗೆ ಸಿಕ್ಕ ಯಾವುದೋ ಅಳತೆಯ ಕುರ್ಚಿಯಲ್ಲಿ ಕೂತರೆ ಕೆಲವೇ ದಿನಗಳಲ್ಲಿ ಒತ್ತುಹುಣ್ಣು ಎದ್ದು, ಮಾಯಲು ತಿಂಗಳುಗಳೇ ಹಿಡಿಯಬಹುದು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಗಾಲಿಕುರ್ಚಿ ಮಾರ್ಗದರ್ಶಿಯೂ ಒತ್ತಿ ಹೇಳುವುದು ಇದನ್ನೇ: ಕುರ್ಚಿ ಕೂರುವವರ ಮೈಗೆ ಹೊಂದಬೇಕು, ಕೊಟ್ಟ ಮೇಲೂ ಅದರ ಆರೈಕೆ ನಡೆಯುತ್ತಿರಬೇಕು.

ಪುಣೆಗೂ ಗಾಲಿಕುರ್ಚಿಗೂ ಹಳೆಯ ನಂಟು. ಇದು ಸೈನ್ಯದ ಊರು. ಯುದ್ಧದಲ್ಲಿ ಅಂಗ ಕಳೆದುಕೊಂಡ ಸೈನಿಕರಿಗೆ ಕಸುಬು ಕಲಿಸಲು 1917ರಲ್ಲಿ ಹುಟ್ಟಿದ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಇಲ್ಲಿನ ಖಡಕಿಯಲ್ಲಿದೆ. ವಾನವಡಿಯಲ್ಲಿ 1944ರಿಂದ ಸೈನ್ಯದ ಕೃತಕ ಅಂಗ ಕೇಂದ್ರವಿದೆ. ಬೆನ್ನುಹುರಿಗೆ ಗಾಯವಾಗಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಯೋಧರಿಗಾಗಿ 1974ರಲ್ಲಿ ಅದೇ ಖಡಕಿಯಲ್ಲಿ ಪ್ಯಾರಾಪ್ಲೆಜಿಕ್ ಪುನರ್ವಸತಿ ಕೇಂದ್ರ ಶುರುವಾಯಿತು. ಅಲ್ಲಿ ಗಾಲಿಕುರ್ಚಿ ಆಸ್ಪತ್ರೆಯ ಸಾಮಾನಲ್ಲ. ಅದರ ಮೇಲೇ ಬಾಸ್ಕೆಟ್‌ಬಾಲ್, ಅದರ ಮೇಲೇ ದುಡಿಮೆ. 1965ರ ಯುದ್ಧದಲ್ಲಿ ಗುಂಡೇಟು ತಿಂದು, 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನ 50 ಮೀಟರ್ ಫ್ರೀಸ್ಟೈಲ್ ಈಜಿನಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದ ಮುರಳಿಕಾಂತ ಪೇಟಕರ್ ಅವರೂ ಪುಣೆಯಲ್ಲೇ ನೆಲೆಸಿದವರು. ಹುಟ್ಟಿದ್ದು ಸಾಂಗ್ಲಿ ಜಿಲ್ಲೆಯ ಪೇಠ ಇಸ್ಲಾಂಪುರದಲ್ಲಿ. 

ಇಂದು ನಾವು ಬಳಸುವ ಬಗೆಯ ಮಡಚುವ ಕುರ್ಚಿಗೆ ಇನ್ನೂ ನೂರು ವರ್ಷವೂ ಆಗಿಲ್ಲ. ಅಮೆರಿಕದ ಗಣಿ ಎಂಜಿನಿಯರ್ ಹರ್ಬರ್ಟ್ ಎವರೆಸ್ಟ್ 1918ರಲ್ಲಿ ಗಣಿ ಅಪಘಾತದಲ್ಲಿ ಬೆನ್ನು ಮುರಿದುಕೊಂಡರು. ಆಗಿನ ಗಾಲಿಕುರ್ಚಿಗಳು ಮರದ ದೊಡ್ಡ ಸಿಂಹಾಸನಗಳು, ಕಾರಿನೊಳಗೆ ಹೋಗುತ್ತಿರಲಿಲ್ಲ. ಸ್ನೇಹಿತ ಹ್ಯಾರಿ ಜೆನ್ನಿಂಗ್ಸ್ ಜೊತೆ ಸೇರಿ 1933ರಲ್ಲಿ ಅವರು ಉಕ್ಕಿನ ಕೊಳವೆಗಳ ಮಡಚುವ ಕುರ್ಚಿ ಮಾಡಿದರು. ಅದರ ಗುಟ್ಟು ಸೀಟಿನ ಕೆಳಗಿತ್ತು. ಎರಡು ಕೊಳವೆಗಳು ಎಕ್ಸ್ ಆಕಾರದಲ್ಲಿ ಒಂದರ ಮೇಲೊಂದು ಹಾದು ನಡುವೆ ಒಂದು ಬೋಲ್ಟಿನಲ್ಲಿ ಸೇರುತ್ತವೆ. ಫುಟ್‌ರೆಸ್ಟಿನ ತಟ್ಟೆಗಳನ್ನು ಮೇಲಕ್ಕೆತ್ತಿ, ಸೀಟಿನ ನಡುವನ್ನು ಹಿಡಿದು ಮೇಲೆಳೆದರೆ ಎಡಬಲದ ಚೌಕಟ್ಟುಗಳು ತಾವಾಗಿ ಹತ್ತಿರ ಬರುತ್ತವೆ. ಸುಮಾರು 65 ಸೆಂಟಿಮೀಟರ್ ಅಗಲದ ಕುರ್ಚಿ 30ರ ಆಸುಪಾಸಿಗೆ ಇಳಿಯುತ್ತದೆ. ಇಂದು ನಮ್ಮ ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಕುರ್ಚಿಯದೂ, 1972ರಲ್ಲಿ ಕಾನ್ಪುರದಲ್ಲಿ ಸ್ಥಾಪನೆಯಾದ ಸರ್ಕಾರಿ ಅಲಿಮ್ಕೋ ಸಂಸ್ಥೆಯ ಮಡಚುವ ಕುರ್ಚಿಯದೂ ಇದೇ ತತ್ವ.

ಆದರೆ ಮಡಚಿದ ಕುರ್ಚಿ ಅಚ್ಚುಕಟ್ಟಾದ ಗಂಟಾಗುವುದಿಲ್ಲ, ಅದರ ಮೈಯೆಲ್ಲ ಕೊಂಬು. ಹಿಂದೆ 24 ಇಂಚಿನ ಎರಡು ದೊಡ್ಡ ಗಾಲಿ, ಅವಕ್ಕೆ ಅಂಟಿಕೊಂಡಂತೆ ಕೈಯಿಂದ ತಳ್ಳುವ ಉಕ್ಕಿನ ಬಳೆ. ಮುಂದೆ ತಿರುಗುವ ಎರಡು ಪುಟ್ಟ ಗಾಲಿ. ಹೊರಚಾಚಿದ ಬ್ರೇಕಿನ ಹಿಡಿ, ಹಿಂಬದಿಗೆ ಎರಡು ಹ್ಯಾಂಡಲ್. ಇವುಗಳಲ್ಲಿ ತೀರ ನಾಜೂಕಾದುದು ಮುಂದಿನ ಪುಟ್ಟ ಗಾಲಿಯನ್ನು ಹಿಡಿದ ಫೋರ್ಕು. ಅದು ಒಂದಿಷ್ಟು ಬಾಗಿದರೂ ಸಾಕು, ಕುರ್ಚಿ ಜೀವಮಾನವಿಡೀ ಒಂದು ಬದಿಗೆ ಎಳೆಯುತ್ತದೆ. ಹಾಗೆ ಎಳೆಯುವ ಕುರ್ಚಿಯನ್ನು ದಿನವಿಡೀ ನೇರ ಮಾಡುತ್ತ ತಳ್ಳುವವರ ಹೆಗಲು ಬಲು ಬೇಗ ನೋವಿಗೆ ತಿರುಗುತ್ತದೆ.

ಇನ್ನೊಂದು ಅಪಾಯ ಎತ್ತುವ ರೀತಿಯಲ್ಲಿದೆ. ಉಕ್ಕಿನ ಕುರ್ಚಿಯ ತೂಕ 16ರಿಂದ 20 ಕಿಲೋ. ಗೊತ್ತಿಲ್ಲದವರು ಕೈಗೆ ಸಿಕ್ಕ ಭಾಗ ಹಿಡಿದು ಎತ್ತುತ್ತಾರೆ. ಹಲವು ಕುರ್ಚಿಗಳಲ್ಲಿ ತೋಳಿನ ಹಿಡಿಯೂ ಫುಟ್‌ರೆಸ್ಟೂ ಕಳಚಿ ಬರುವಂಥವು. ಹಿಡಿ ಕೈಯಲ್ಲಿ ಉಳಿಯುತ್ತದೆ, ಕುರ್ಚಿ ಕಾಲ ಮೇಲೆ ಬೀಳುತ್ತದೆ. ಗವಸಿನ ಮೊದಲ ಉಪಯೋಗ ಮಳೆ ಧೂಳಿಗಿಂತ ಇಲ್ಲಿಯೇ: ಬಿಡಿಭಾಗಗಳನ್ನು ಒಂದೆಡೆ ಇಡುವುದು, ಎಲ್ಲಿ ಹಿಡಿಯಬೇಕೆಂದು ತೋರಿಸುವುದು.

ಪುಣೆಯ ಬೀದಿಯಲ್ಲಿ ಇದಕ್ಕೊಂದು ಸ್ಥಳೀಯ ಕಾರಣವೂ ಇದೆ. ಇಲ್ಲಿನ ಬಾಡಿಗೆ ಕಾರುಗಳು ಬಹುಪಾಲು ಸಿಎನ್‌ಜಿಯಲ್ಲಿ ಓಡುತ್ತವೆ. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಇಲ್ಲಿ ಕಾರು ಓಡಿಸುವವರೂ ಇದ್ದಾರೆ, ಗಾಲಿಕುರ್ಚಿ ಕಂಡೊಡನೆ ಅವರು ಹೇಳುವ ಮಾತು ಒಂದೇ: "ಅಣ್ಣಾರ, ಡಿಕ್ಕ್ಯಾಗ ಗ್ಯಾಸಿನ ಟಾಕಿ ಐತ್ರಿ, ಕುರ್ಚಿ ಹಿಡಿಸೂದಿಲ್ಲ. ಸೀಟಿನ ಮ್ಯಾಲ ಇಟ್ರ ಹೊಲಸ ಆಕ್ಕೈತಿ." ಅವರ ಮಾತಿನಲ್ಲಿ ತಪ್ಪಿಲ್ಲ. ಮಳೆಗಾಲದ ರಸ್ತೆಯಲ್ಲಿ ಉರುಳಿದ ಗಾಲಿಯ ಕೆಸರು, ಬೇರಿಂಗಿನ ಗ್ರೀಸು ಸೀಟಿಗೆ ಹತ್ತಿದರೆ ಮುಂದಿನ ಗಿರಾಕಿ ಬೈಯುವುದು ಅವರನ್ನೇ. ಕುರ್ಚಿ ಗವಸಿನೊಳಗಿದ್ದರೆ ಮುಂದಿನ ಸೀಟಿನಲ್ಲಿಯೇ ನಿಲ್ಲಿಸಿ ಬೆಲ್ಟು ಬಿಗಿಯಬಹುದು. ಗಾಡಿಯವರ ತಕರಾರೂ ಮುಗಿಯುತ್ತದೆ. ರಿಕ್ಷಾದಲ್ಲಂತೂ ಕುರ್ಚಿಯನ್ನು ಕಾಲ ಬಳಿ ಅಡ್ಡ ಇಟ್ಟು ಒಬ್ಬರು ಹಿಡಿದು ಕೂರಬೇಕು; ಗವಸಿಲ್ಲದಿದ್ದರೆ ಅವರ ಸೀರೆಯೋ ಪಂಚೆಯೋ ಹೋದಂತೆಯೇ. 2022ರ ಮಾರ್ಚಿನಲ್ಲಿ ಶುರುವಾದ ಪುಣೆ ಮೆಟ್ರೊದಲ್ಲಿ ಲಿಫ್ಟ್ ಇದೆ, ಕುರ್ಚಿ ಮಡಚದೆಯೇ ಒಳಗೆ ಹೋಗಬಹುದು. 2024ರ ಸೆಪ್ಟೆಂಬರಿನಲ್ಲಿ ಆರಂಭವಾದ ಹುಬ್ಬಳ್ಳಿ–ಪುಣೆ ವಂದೇ ಭಾರತ್ ರೈಲಿನಲ್ಲೂ ಗಾಲಿಕುರ್ಚಿಗೆಂದೇ ಜಾಗವಿದೆ. ಹೀಗೆ ಮಡಚುವ ಅಗತ್ಯವೇ ಇಲ್ಲದ ಪ್ರಯಾಣ ಎಲ್ಲಕ್ಕಿಂತ ಒಳ್ಳೆಯದು. ಆದರೆ ನಿಲ್ದಾಣದಿಂದ ಮನೆಗೆ, ಮನೆಯಿಂದ ಆಸ್ಪತ್ರೆಗೆ ಹೋಗುವ ದಾರಿ ಇನ್ನೂ ಹಾಗಾಗಿಲ್ಲ. ಸದಾಶಿವ ಪೇಠ, ನಾರಾಯಣ ಪೇಠಗಳ ಹಳೆಯ ವಾಡೆಗಳಲ್ಲಿ ಮಹಡಿಗೆ ಕಡಿದಾದ ಮೆಟ್ಟಿಲುಗಳೇ ಗತಿ. ಕುರ್ಚಿ ಮೆಟ್ಟಿಲ ಕೆಳಗಿನ ಸಂದಿಯಲ್ಲಿ, ಸೈಕಲ್ಲುಗಳ ನಡುವೆ ಇರುಳು ಕಳೆಯುತ್ತದೆ.

ಪುಣೆ ಒಂದು ವಿಷಯದಲ್ಲಿ ನಮ್ಮೆಲ್ಲರಿಗೂ ಪಾಠ ಹೇಳಬಲ್ಲ ಊರು. ಇದು ಗಾಯಕ ಭೀಮಸೇನ ಜೋಶಿಯವರು ಗದುಗಿನಿಂದ ಬಂದು ಮನೆ ಮಾಡಿದ ಊರು; 1953ರಿಂದ ಸವಾಯಿ ಗಂಧರ್ವ ಸಂಗೀತ ಮಹೋತ್ಸವ ಇಲ್ಲಿ ನಡೆದುಬಂದಿದೆ. ಮಿರಜಿನಲ್ಲಿ ತಯಾರಾದ ತಂಬೂರಿಗಳು ಹತ್ತಿ ತುಂಬಿದ ಗವಸು ತೊಟ್ಟೇ ರೈಲು, ಬಸ್ಸು ಹತ್ತಿ ಈ ಊರಿಗೆ ಬರುತ್ತವೆ. ಗವಸಿಲ್ಲದ ತಂಬೂರಿಯನ್ನು ಯಾವ ಗಾಯಕರೂ ಪರವೂರಿಗೆ ಒಯ್ಯುವುದಿಲ್ಲ. ಮನುಷ್ಯರ ಕಾಲಿನ ಬದಲು ನಿಂತ ವಸ್ತುವಿಗೆ ಅಷ್ಟು ಜೋಪಾನ ಸಲ್ಲಬೇಡವೇ?

ಹೊಲಿಸುವುದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಸಿದ್ಧ ಕವರ್‌ಗಳು ಸಿಗುತ್ತವೆ ನಿಜ. ಹಲವು ತೀರ ತೆಳು, ಒಂದೇ ಅಳತೆಯವು. ಪುಣೆಯಲ್ಲಾದರೆ ದ್ವಿಚಕ್ರ ವಾಹನಗಳ ಬಿಡಿಭಾಗಕ್ಕೆ ಹೆಸರಾದ ನಾನಾ ಪೇಠದಂಥ ಕಡೆ, ನಮ್ಮ ಊರುಗಳಲ್ಲಾದರೆ ಬಸ್‌ಸ್ಟ್ಯಾಂಡಿನ ಆಸುಪಾಸು, ಸ್ಕೂಟರಿನ ಸೀಟು ಕವರ್ ಹೊಲಿಯುವ ಕೈಗಳಿರುತ್ತವೆ. ಅವರ ಹತ್ತಿರ ದಪ್ಪ ಬಟ್ಟೆ, ರೆಕ್ಸಿನ್ ಹೊಲಿಯುವ ಗಟ್ಟಿ ಮಷೀನು ಇರುತ್ತದೆ. ಅಂಗಿ ಹೊಲಿಯುವವರ ಮಷೀನಿನಲ್ಲಿ ಈ ಕೆಲಸ ಆಗದು, ಸೂಜಿ ಮುರಿಯುತ್ತದೆ.

ಕುರ್ಚಿಯನ್ನೇ ಅಲ್ಲಿಗೆ ಒಯ್ಯಿರಿ. ಮಡಚಿ, ಫುಟ್‌ರೆಸ್ಟ್ ಕಳಚಿಟ್ಟು, ಮೂರು ಅಳತೆ ತೆಗೆಸಿ: ನೆಲದಿಂದ ಹ್ಯಾಂಡಲಿನ ತುದಿಯವರೆಗೆ ಎತ್ತರ, ದೊಡ್ಡ ಗಾಲಿಯ ಹಿಂಬದಿಯಿಂದ ಪುಟ್ಟ ಗಾಲಿಯ ಮುಂಬದಿಯವರೆಗೆ ಉದ್ದ, ತಳ್ಳುವ ಬಳೆಗಳ ಹೊರಗಿನಿಂದ ಅಗಲ. ಸಾಮಾನ್ಯ ಕುರ್ಚಿಗೆ ಇವು ಸುಮಾರು 90, 80, 30 ಸೆಂಟಿಮೀಟರ್ ಬರುತ್ತವೆ. ಪ್ರತಿಯೊಂದಕ್ಕೂ ಎರಡು ಇಂಚು ಸಡಿಲ ಕೂಡಿಸಬೇಕು. ಬಿಗಿಯಾದ ಗವಸನ್ನು ಅವಸರದಲ್ಲಿ ಯಾರೂ ಹಾಕುವುದಿಲ್ಲ. 58 ಇಂಚು ಪನ್ನದ ಬಟ್ಟೆ ಎರಡೂವರೆ ಮೀಟರಿನಷ್ಟು ಬೇಕಾದೀತು. ಶಾಲೆ ಮಕ್ಕಳ ಬ್ಯಾಗಿಗೆ ಬಳಸುವ, ಒಳಮೈಗೆ ನೀರು ತಡೆಯುವ ಲೇಪವಿರುವ 600 ಡೆನಿಯರ್ ಪಾಲಿಯೆಸ್ಟರ್ ಈ ಕೆಲಸಕ್ಕೆ ಹೇಳಿಮಾಡಿಸಿದ್ದು. ತಾಡಪತ್ರಿ ಅಗ್ಗ, ಗಟ್ಟಿ, ಆದರೆ ಬಿರುಸು. ಮಡಚಿ ಚೀಲದಲ್ಲಿಡಲು ಆಗದು. ರೆಕ್ಸಿನ್ ಭಾರ, ಬಿಸಿಲಿಗೆ ಬಿರಿಯುತ್ತದೆ.

ನೋಡಿಕೊಳ್ಳಬೇಕಾದ ಸಣ್ಣ ಸಂಗತಿಗಳೇ ಗವಸಿನ ಆಯುಷ್ಯವನ್ನು ನಿರ್ಧರಿಸುತ್ತವೆ. ನೆತ್ತಿಯ ಮೇಲೆ ಹೊಲಿಗೆ ಬರಬಾರದು. ಸೂಜಿ ಹೋದ ತೂತಿನಿಂದಲೇ ನೀರು ಇಳಿಯುವುದು. ಮೇಲಿನ ಭಾಗ ಒಂದೇ ತುಂಡಾಗಿ ಎರಡೂ ಬದಿಗೆ ಇಳಿಬೀಳಲಿ, ಹೊಲಿಗೆ ಪಕ್ಕಕ್ಕೆ ಬರಲಿ. ದಾರ ಪಾಲಿಯೆಸ್ಟರಿನದೋ ನೈಲಾನಿನದೋ ಇರಲಿ, ಹತ್ತಿಯ ದಾರ ಒಂದೆರಡು ಮಳೆಗಾಲಕ್ಕೆ ಕೊಳೆಯುತ್ತದೆ. ಝಿಪ್ಪು ದಪ್ಪನೆಯದು, ಎರಡು ರನ್ನರಿನದು ಬೇಕು. ಒಂದು ಕೆಟ್ಟರೆ ಇನ್ನೊಂದು ಕೈಹಿಡಿಯುತ್ತದೆ. ಝಿಪ್ಪಿನ ಮೇಲೆ ಎರಡು ಇಂಚಿನ ಪಟ್ಟಿ ಇಳಿಬಿಡಿಸಿ. ಎತ್ತುವ ಹಿಡಿಗಳನ್ನು ಬಟ್ಟೆಗೆ ಬರೀ ಅಂಟಿಸಿದಂತೆ ಹೊಲಿದರೆ ಮೊದಲ ಎಳೆತಕ್ಕೇ ಬಟ್ಟೆ ಹರಿಯುತ್ತದೆ. ಅಗಲವಾದ ನವಾರು ಪಟ್ಟಿ ಒಂದು ಹಿಡಿಯಿಂದ ಇಳಿದು, ತಳದಲ್ಲಿ ಹಾದು, ಆಚೆ ಬದಿಯ ಹಿಡಿಯಾಗಿ ಮೇಲೇರಬೇಕು. ಆಗ ಇಪ್ಪತ್ತು ಕಿಲೋ ಭಾರ ಪಟ್ಟಿಯ ಮೇಲೆ ಬೀಳುತ್ತದೆ. ತಳಕ್ಕೆ ಎರಡು ಪದರ ಬಟ್ಟೆ. ಮುಂದಿನ ಗಾಲಿ, ಬ್ರೇಕು ಬರುವ ಜಾಗಕ್ಕೆ ಒಳಗಿನಿಂದ ಫೋಮಿನ ತುಂಡು. ಕಳಚಿದ ಫುಟ್‌ರೆಸ್ಟುಗಳಿಗೆ ಒಳಗಡೆ ಒಂದು ಜೇಬು, ಅದಕ್ಕೆ ವೆಲ್ಕ್ರೋ. ಇವಲ್ಲದೆ, ಕುರ್ಚಿ ಮಡಚಿದ ಮೇಲೆ ತಾನಾಗಿ ಬಿಚ್ಚಿಕೊಳ್ಳದಂತೆ ಎರಡೂ ಚೌಕಟ್ಟು ಸೇರಿಸಿ ಬಿಗಿಯಲು ಬಕಲ್ ಇರುವ ಒಂದು ಪಟ್ಟಿ ಬೇಕೇ ಬೇಕು. ಗವಸಿಗೆ ದುಡ್ಡಿಲ್ಲ ಎನ್ನುವವರು ಈ ಒಂದು ಪಟ್ಟಿಯನ್ನಾದರೂ ಇಂದೇ ಹೊಲಿಸಲಿ.

ಸೀಟಿನ ಕುಶನ್ ಮಾತ್ರ ಗವಸಿನೊಳಗೆ ಹೋಗಬಾರದು. ಅದು ಮೈಯ ಒತ್ತಡ ಹಂಚುವ ವಸ್ತು; ಬಾಗಿ, ಚಪ್ಪಟೆಯಾಗಿ ಕೆಟ್ಟರೆ ಹೊರಗೆ ಕಾಣುವುದಿಲ್ಲ, ಕೂತವರ ಚರ್ಮ ಹೇಳುತ್ತದೆ. ಪ್ರಯಾಣದಲ್ಲಿ ಅದು ಬಳಸುವವರ ಜೊತೆಯಲ್ಲೇ ಇರಲಿ, ಸಾಧ್ಯವಾದರೆ ಅವರು ಅದರ ಮೇಲೆಯೇ ಕೂರಲಿ. ಆಟಗಾರರ ಕುರ್ಚಿಯ ಲೆಕ್ಕ ಬೇರೆ. ಬಾಸ್ಕೆಟ್‌ಬಾಲ್ ಕುರ್ಚಿ ಮಡಚುವುದಿಲ್ಲ. ಓರೆಯಾಗಿ ನಿಂತ ಗಾಲಿಗಳನ್ನು ಗುಂಡಿ ಒತ್ತಿ ಕಳಚುತ್ತಾರೆ. ಗಾಲಿಗೆ ಎರಡು ದುಂಡನೆಯ ಚೀಲ, ಚೌಕಟ್ಟಿಗೆ ಒಂದು ಎಂದು ಬೇರೆಬೇರೆಯಾಗಿ ಹೊಲಿಸಬೇಕು.

ವಿಮಾನದಲ್ಲಿ ಹೋಗುವವರಿಗೆ ಒಂದು ಮಾತು. ಭಾರತದ ನಾಗರಿಕ ವಿಮಾನಯಾನ ನಿಯಮಗಳ ಪ್ರಕಾರ ಗಾಲಿಕುರ್ಚಿಗೆ ಲಗೇಜಿನ ಶುಲ್ಕವಿಲ್ಲ. ಸ್ವಂತ ಕುರ್ಚಿಯಲ್ಲಿ ವಿಮಾನದ ಬಾಗಿಲವರೆಗೂ ಹೋಗಿ, ಇಳಿದಾಗ ಅಲ್ಲಿಯೇ ತಂದುಕೊಡಿ ಎಂದು ಮೊದಲೇ ಕೇಳಿಕೊಳ್ಳಿ. ನಷ್ಟದ ಪರಿಹಾರ ಮಾತ್ರ ಅಲ್ಪ: ದೇಶದೊಳಗಿನ ಹಾರಾಟದಲ್ಲಿ ಲಗೇಜಿಗೆ 20,000 ರೂಪಾಯಿಯ ಮಿತಿ. ಮೈ ಅಳತೆಗೆ ಮಾಡಿಸಿದ ಒಳ್ಳೆಯ ಕುರ್ಚಿಯ ಬೆಲೆ ಅದರ ಹಲವು ಪಟ್ಟು. ಲೆಕ್ಕ ಇಡುವ ಅಮೆರಿಕದಲ್ಲಿ 2023ರ ಒಂದೇ ವರ್ಷ 11,000ಕ್ಕೂ ಹೆಚ್ಚು ಗಾಲಿಕುರ್ಚಿ, ಸ್ಕೂಟರುಗಳಿಗೆ ವಿಮಾನಗಳಲ್ಲಿ ಹಾನಿಯೋ ವಿಳಂಬವೋ ಆಯಿತೆಂದು ಅಲ್ಲಿನ ಸಾರಿಗೆ ಇಲಾಖೆಯೇ ಹೇಳಿದೆ. ಗವಸು ಅಲ್ಲಿ ಎಲ್ಲವನ್ನೂ ತಡೆಯುವುದಿಲ್ಲ. ಮೇಲೆ ದೊಡ್ಡ ಸೂಟ್‌ಕೇಸ್ ಬಿದ್ದರೆ ಬಟ್ಟೆ ಏನು ಮಾಡೀತು? ಆದರೆ ಗವಸಿನ ಎರಡೂ ಬದಿಗೆ ದೊಡ್ಡ ಅಕ್ಷರಗಳಲ್ಲಿ "ಗಾಲಿಕುರ್ಚಿ, ಅಡ್ಡ ಮಲಗಿಸಬೇಡಿ, ಮೇಲೆ ಭಾರ ಇಡಬೇಡಿ" ಎಂದು ಮೂರ್ನಾಲ್ಕು ಭಾಷೆಗಳಲ್ಲಿ ಬರೆಸಿದರೆ, ಅದನ್ನು ಎತ್ತುವ ಕೈಗೆ ಏನನ್ನು ಎತ್ತುತ್ತಿದ್ದೇನೆಂದು ತಿಳಿಯುತ್ತದೆ. ಗವಸು ಒಂದೇ ಝಿಪ್ಪಿನಲ್ಲಿ ಮುಗಿಯುವಂತಿರಲಿ, ಏಕೆಂದರೆ ಬಾಗಿಲ ಬಳಿ ಅದನ್ನು ಹಾಕುವುದು ನೀವಲ್ಲ, ಅದನ್ನು ಹಿಂದೆಂದೂ ಕಾಣದ ಸಿಬ್ಬಂದಿ. ಬೀಗ ಹಾಕಬೇಡಿ, ಪ್ಲಾಸ್ಟಿಕ್ ಹಾಳೆ ಸುತ್ತಿಸಬೇಡಿ. ಭದ್ರತಾ ತಪಾಸಣೆಯವರು ಬಿಚ್ಚಿಸಿದ ಮೇಲೆ ಮತ್ತೆ ಸುತ್ತುವವರು ಯಾರೂ ಇರುವುದಿಲ್ಲ. ಹೊರಡುವ ಮುನ್ನ ನಾಲ್ಕೂ ಬದಿಯಿಂದ ಕುರ್ಚಿಯ ಫೋಟೊ ತೆಗೆದಿಟ್ಟುಕೊಳ್ಳಿ.

ಮನೆಯಲ್ಲಿ ಎತ್ತಿಡುವಾಗ ಬೇಕಾದುದು ಇದೇ ಗವಸಲ್ಲ. ಪ್ರಯಾಣದ ಚೀಲ ಎಲ್ಲ ಕಡೆಯಿಂದ ಮುಚ್ಚಿರುತ್ತದೆ; ಅದರಲ್ಲಿ ತಿಂಗಳುಗಟ್ಟಲೆ ಇಟ್ಟ ಕುರ್ಚಿ ಒಳಗೇ ಬೆವರುತ್ತದೆ. ಪುಣೆಯಲ್ಲಿ ವರ್ಷಕ್ಕೆ ಬೀಳುವ ಸುಮಾರು 700 ಮಿಲಿಮೀಟರ್ ಮಳೆಯಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನದು. ನಮ್ಮ ಕರಾವಳಿಯಲ್ಲಿ ಅದರ ನಾಲ್ಕೈದು ಪಟ್ಟು. ಮುಚ್ಚಿದ ಪ್ಲಾಸ್ಟಿಕ್ಕಿನೊಳಗೆ ಸಿಕ್ಕಿಬಿದ್ದ ತೇವ ಕ್ರೋಮಿನ ಕೆಳಗೆ ತುಕ್ಕು ಹುಟ್ಟಿಸುತ್ತದೆ, ಬಟ್ಟೆಯ ಸೀಟಿಗೆ ಬೂಷ್ಟು ಹಿಡಿಸುತ್ತದೆ, ಬೇರಿಂಗನ್ನು ಗಟ್ಟಿ ಮಾಡುತ್ತದೆ. ಒದ್ದೆ ಕುರ್ಚಿಗೆ ಗವಸು ಹಾಕುವುದು ಹಾಕದೆ ಬಿಡುವುದಕ್ಕಿಂತ ಕೆಟ್ಟದ್ದು. ಮೊದಲು ಒರೆಸಿ, ಫ್ಯಾನಿನ ಗಾಳಿಗೆ ಆರಿಸಿ, ಬಳಿಕ ಮೇಲಿನಿಂದ ಇಳಿಬಿಡುವ, ತಳ ತೆರೆದ, ಹತ್ತಿ ಬಟ್ಟೆಯ ಗವಸು ಹಾಕಿ. ಹಳೆಯ ಹಾಸಿಗೆ ಹೊದಿಕೆಯಲ್ಲೇ ಹೊಲಿಸಬಹುದು. ಗಾಳಿಯ ಟೈರಾದರೆ ತಿಂಗಳಿಗೊಮ್ಮೆ ಗಾಳಿ ತುಂಬಿ. ಚಪ್ಪಟೆಯಾದ ಟೈರಿನ ಮೇಲೆ ನಿಂತ ಕುರ್ಚಿಯ ರಬ್ಬರು ಬಿರಿಯುತ್ತದೆ.

ಈ ಆರೈಕೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿರುವುದು ಗಾಲಿಕುರ್ಚಿ ಎರವಲು ಕೊಡುವ ಕೇಂದ್ರಗಳಿಗೆ. ಪುಣೆಯಲ್ಲಿ ರುಗ್ಣೋಪಯೋಗಿ ಸಾಹಿತ್ಯ ಕೇಂದ್ರಗಳೆಂಬ (ಮರಾಠಿಯಲ್ಲಿ ಇಲ್ಲಿ ಸಾಹಿತ್ಯವೆಂದರೆ ಸಲಕರಣೆ) ಒಳ್ಳೆಯ ಪದ್ಧತಿಯಿದೆ. ಸೇವಾಸಂಸ್ಥೆಗಳು, ಬಡಾವಣೆಯ ಮಂಡಳಿಗಳು ಗಾಲಿಕುರ್ಚಿ, ವಾಕರ್, ಆಸ್ಪತ್ರೆಯ ಮಂಚಗಳನ್ನು ಠೇವಣಿ ಇಟ್ಟುಕೊಂಡು ಅಲ್ಪ ಬಾಡಿಗೆಗೋ ಪುಕ್ಕಟೆಯಾಗಿಯೋ ಕೊಡುತ್ತವೆ. ಸೊಂಟ ಮುರಿದ ಅಜ್ಜಿಗೆ ಮೂರು ತಿಂಗಳು ಕುರ್ಚಿ ಬೇಕಾದರೆ ಕೊಳ್ಳುವ ಹಂಗಿಲ್ಲ. ನಮ್ಮಲ್ಲೂ ರೋಟರಿ, ಲಯನ್ಸ್ ಕ್ಲಬ್ಬುಗಳು ಈ ಕೆಲಸ ಮಾಡುತ್ತವೆ. ಆದರೆ ಮರಳಿ ಬಂದ ಕುರ್ಚಿಗಳು ಉಗ್ರಾಣದಲ್ಲಿ ಒಂದರ ಮೇಲೊಂದು ಬೀಳುತ್ತವೆ. ಒಂದರ ಬ್ರೇಕು ಇನ್ನೊಂದರ ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತದೆ, ಇಲಿ ಸೀಟು ಕಡಿಯುತ್ತದೆ, ಯಾವ ಫುಟ್‌ರೆಸ್ಟ್ ಯಾವ ಕುರ್ಚಿಯದೆಂದು ತಿಳಿಯುವುದಿಲ್ಲ. ಹತ್ತು ಕುರ್ಚಿಯಿದ್ದರೂ ಮುಂದಿನ ಅಜ್ಜಿಗೆ ಕೊಡಲು ನೆಟ್ಟಗಿರುವುದು ಮೂರೋ ನಾಲ್ಕೋ. ಪ್ರತಿ ಕುರ್ಚಿಗೂ ನಂಬರು ಹಾಕಿದ ಗವಸಿದ್ದು, ಕುರ್ಚಿ ಗವಸಿನೊಳಗೇ ಹೋಗಿ ಗವಸಿನೊಳಗೇ ಮರಳಬೇಕೆಂಬ ಕಟ್ಟಳೆ ಮಾಡಿದರೆ ಈ ಅವಸ್ಥೆ ಅರ್ಧಕ್ಕರ್ಧ ಇಳಿಯುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಗವಸಿನ ಹೊಣೆಯನ್ನು ಕುರ್ಚಿ ಬಳಸುವವರ ತಲೆಗೇ ಕಟ್ಟುವುದು ಸರಿಯಲ್ಲ. ಕೇಂದ್ರ ಸರ್ಕಾರ 1981ರಿಂದ ಅಡಿಪ್ ಯೋಜನೆಯಲ್ಲಿ ಅಂಗವಿಕಲರಿಗೆ ಸಾಧನ ಸಲಕರಣೆ ಹಂಚುತ್ತಿದೆ. ಶಿಬಿರದ ವೇದಿಕೆಯಲ್ಲಿ ಕುರ್ಚಿ ಕೊಡುವ ಫೋಟೊ ಬರುತ್ತದೆ. ಅದು ಹಳ್ಳಿಗೆ ಹೋಗುವುದು ಟೆಂಪೊದ ಹಿಂಬದಿಯಲ್ಲಿ, ಸಿಮೆಂಟ್ ಚೀಲಗಳ ನಡುವೆ. ಕುರ್ಚಿಯ ಜೊತೆಗೇ ಒಂದು ಗವಸು, ಬಿಗಿಯುವ ಪಟ್ಟಿ ಕೊಡಲು ಟೆಂಡರಿನಲ್ಲಿ ಒಂದು ಸಾಲು ಸೇರಿಸಿದರೆ ಸಾಕು. 1959ರಲ್ಲಿ ಎನ್.ಎಸ್. ಹೇಮಾ ಅವರು ಬೆಂಗಳೂರಿನಲ್ಲಿ ಕಟ್ಟಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, 1994ರಿಂದ ಅಲ್ಲಿಯೇ ದುಡಿಯುತ್ತಿರುವ ಮೊಬಿಲಿಟಿ ಇಂಡಿಯಾದಂಥ ಸಂಸ್ಥೆಗಳ ಅನುಭವ ಈ ವಿಷಯದಲ್ಲಿ ದೊಡ್ಡದು. ಅವರ ಮಾತನ್ನು ಸರ್ಕಾರ ಕೇಳಬೇಕು. ಗವಸು ಹೊಲಿಯುವ ಕೆಲಸವನ್ನು ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳಿಗೋ, ಕೂತು ದುಡಿಯಬಲ್ಲ ಅಂಗವಿಕಲರಿಗೋ ವಹಿಸಿದರೆ ಅವರಿಗೆ ಕೂಲಿಯೂ ಹುಟ್ಟುತ್ತದೆ.

ಹುಟ್ಟುಹಬ್ಬಕ್ಕೋ ಹಿರಿಯರ ನೆನಪಿಗೋ ಗಾಲಿಕುರ್ಚಿ ದಾನ ಮಾಡುವ ಸಹೃದಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರಲ್ಲಿ ಕೇಳಿಕೊಳ್ಳುವುದಿಷ್ಟೇ: ಈ ಸಲ ಕೊಡುವ ಕುರ್ಚಿಯ ಜೊತೆ ಅದರ ಅಳತೆಗೆ ಹೊಲಿಸಿದ ಒಂದು ಗವಸನ್ನೂ ಕೊಡಿ. ಅದರ ಮೇಲೆ ನಿಮ್ಮ ಹೆಸರು ಬರೆಸುವ ಬದಲು, ಕುರ್ಚಿ ಬಳಸುವವರ ಮನೆಯವರ ಫೋನ್ ನಂಬರು ಬರೆಸಿ.